ಲೋಕದ ಗಂಟೂ ಜಗಲಿಯ ಮಾತೂ

ಈ ಲೇಖನವನ್ನು ಅಡಿಗೆಯ ಮನೆಯ ಎಣ್ಣೆಯ ಡಬ್ಬಿಯಿಂದಲೇ ಆರಂಭಿಸುವುದು ಯುಕ್ತವೆಂದು ನಮಗೆ ತೋರುತ್ತದೆ. ೨೦೨೨ನೆಯ ಇಸವಿಯ ಫೆಬ್ರವರಿಯಲ್ಲಿ ರಷ್ಯವು ಯುಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ನಮ್ಮ ದೇಶಕ್ಕೆ ಹೊರಗಿನಿಂದ ಬರುವ ಸೂರ್ಯಕಾಂತಿ ಎಣ್ಣೆಯ ಬಹುಭಾಗವು ಅದುವರೆಗೆ ಯುಕ್ರೇನಿನಿಂದಲೇ ಹಡಗೇರಿ ಬರುತ್ತಿದ್ದಿತು. ಯುದ್ಧದಿಂದ ಕಪ್ಪು ಸಮುದ್ರದ ಬಂದರುಗಳು ಮುಚ್ಚಿದವು. ಇಲ್ಲಿ ಎಣ್ಣೆಯ ಬೆಲೆ ಏರಿತು. ಸೂರ್ಯಕಾಂತಿ ಸಿಕ್ಕದವರು ತಾಳೆಯೆಣ್ಣೆಗೆ ಕೈನೀಡಿದರು. ತನ್ನ ಪ್ರಜೆಗಳಿಗೇ ಎಣ್ಣೆ ದುಬಾರಿಯಾಯಿತೆಂದು ಇಂಡೊನೇಷ್ಯದ ಸರ್ಕಾರವು ಏಪ್ರಿಲ್ ೨೮ರಂದು ತಾಳೆಯೆಣ್ಣೆಯ ರಫ್ತನ್ನೇ ತಡೆದು, ಮೇ ೨೩ರವರೆಗೆ ಬಿಡಲಿಲ್ಲ. ಅದೇ ವರ್ಷದ ಮಾರ್ಚಿ ತಿಂಗಳಲ್ಲಿ ಉತ್ತರ ಭಾರತದಲ್ಲಿ ಬಿಸಿಗಾಳಿ ಬೀಸಿ ಗೋಧಿಯ ಕಾಳು ಸೊರಗಿತು. ಮೇ ತಿಂಗಳಲ್ಲಿ ನಮ್ಮ ಸರ್ಕಾರವೂ ಗೋಧಿಯ ರಫ್ತನ್ನು ನಿಲ್ಲಿಸಿತು. ಇದಕ್ಕೆಲ್ಲ ಮುಂಚೆ ಎರಡು ವರ್ಷಗಳ ಕಾಲ ಕೋವಿಡ್ ವ್ಯಾಧಿಯು ಹಡಗು, ಅಂಗಡಿ, ಕೂಲಿ, ಶಾಲೆ ಎಲ್ಲವನ್ನೂ ಅಲುಗಿಸಿಬಿಟ್ಟಿತ್ತು. ಹೀಗೆ ವ್ಯಾಧಿ, ಯುದ್ಧ, ಬಿಸಿಲು, ವ್ಯಾಪಾರ ಎಂಬ ನಾಲ್ಕು ತೊಂದರೆಗಳು ಒಂದೇ ಬಾಣಲೆಯಲ್ಲಿ ಬಂದು ಕೂಡಿದವು.

ಒಂದಕ್ಕೊಂದು ಹೆಣೆದುಕೊಂಡ ಇಂತಹ ತೊಂದರೆಗಳಿಗೆ ಫ್ರಾನ್ಸಿನ ಚಿಂತಕರಾದ ಎಡ್ಗರ್ ಮೊರಾನ್ ಅವರು ಆನ್ ಬ್ರಿಜಿತ್ ಕೆರ್ನ್ ಅವರೊಡನೆ ೧೯೯೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ‘ಪಾಲಿಕ್ರೈಸಿಸ್’ ಎಂಬ ಹೆಸರನ್ನು ಬಳಸಿದರು. ಕನ್ನಡದಲ್ಲಿ ಇದನ್ನು ಬಹುಸಂಕಟವೆನ್ನಬಹುದು. ೨೦೨೨-೨೩ರ ಹೊತ್ತಿಗೆ ಈ ಮಾತು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಹರಡಿತು. ಹಲವು ಸಂಕಟಗಳನ್ನು ಸುಮ್ಮನೆ ಕೂಡಿಸಿ ಬಂದ ಮೊತ್ತವು ಬಹುಸಂಕಟವಲ್ಲ, ಅದು ಗಂಟು. ಗಂಟಿನಲ್ಲಿ ಒಂದು ಎಳೆಯನ್ನು ಜಗ್ಗಿದರೆ ಇನ್ನೊಂದು ಬಿಗಿಯುತ್ತದೆ. ಆದಕಾರಣ ಒಂದೊಂದನ್ನೇ ಬಿಡಿಯಾಗಿ ಬಗೆಹರಿಸುವೆನೆಂದು ಹೊರಟವನಿಗೆ ಯಾವುದೂ ಬಗೆಹರಿಯುವುದಿಲ್ಲ.

ಇದನ್ನು ಪತ್ರಿಕೆಯಲ್ಲಿ ಓದಿದ ಗೃಹಸ್ಥನು ಸಾಮಾನ್ಯವಾಗಿ ಎರಡರಲ್ಲೊಂದನ್ನು ಮಾಡುತ್ತಾನೆ. “ಲೋಕವೇ ಕೆಟ್ಟುಹೋಯಿತು, ನಮ್ಮಿಂದೇನಾದೀತು?” ಎಂದು ಪತ್ರಿಕೆಯನ್ನು ಮಡಿಸಿಡುತ್ತಾನೆ, ಇಲ್ಲವೆ, ಯಾರನ್ನಾದರೂ ಒಬ್ಬರನ್ನು ಹಿಡಿದು, ಸಕಲ ಅನರ್ಥಗಳಿಗೂ ಇವರೇ ಮೂಲವೆಂದು ತೀರ್ಪು ಕೊಟ್ಟುಬಿಡುತ್ತಾನೆ. ಮೊದಲನೆಯದು ಸೋಮಾರಿತನಕ್ಕೆ ದಾರಿ, ಎರಡನೆಯದು ದ್ವೇಷಕ್ಕೆ ದಾರಿ. ಮೂರನೆಯದೊಂದು ದಾರಿಯುಂಟು: ನಾಲ್ಕು ಜನ ಕುಳಿತು, ಒಬ್ಬರು ನಿಂತ ಸ್ಥಳದಲ್ಲಿ ಇನ್ನೊಬ್ಬರು ನಿಂತು ನೋಡುತ್ತ, ಮಾತನಾಡುವುದು. ಇಷ್ಟು ದೊಡ್ಡ ರೋಗಕ್ಕೆ ಇಷ್ಟು ಸಣ್ಣ ಮದ್ದೇ ಎಂದು ವಾಚಕರು ನಗಬಹುದು. ನಗುವುದಕ್ಕೆ ಮುಂಚೆ ನಮ್ಮೊಡನೆ ಮಂಡಗದ್ದೆಯವರೆಗೆ ಬರಬೇಕೆಂದು ಪ್ರಾರ್ಥನೆ.

ತುಂಗೆಯ ದಂಡೆ

ಶಿವಮೊಗ್ಗೆಯಿಂದ ತೀರ್ಥಹಳ್ಳಿಗೆ ಹೋಗುವ ಮಾರ್ಗದಲ್ಲಿ ಸುಮಾರು ೩೦ ಕಿಲೋಮೀಟರು ಸಾಗಿದರೆ ಮಂಡಗದ್ದೆ ಸಿಕ್ಕುತ್ತದೆ. ತೀರ್ಥಹಳ್ಳಿ ತಾಲ್ಲೂಕಿಗೆ ಸೇರಿದ ಗ್ರಾಮವಿದು. ಮಾರ್ಗದ ಮಗ್ಗುಲಲ್ಲಿಯೇ ತುಂಗಾನದಿ; ನದಿಯ ನಡುವೆ ಒಂದೆಕರೆಯ ಆಸುಪಾಸಿನ ಪುಟ್ಟ ನಡುಗಡ್ಡೆ. ಮಳೆಗಾಲ ಹಿಡಿದ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಸಾವಿರಗಟ್ಟಲೆಯಾಗಿ ಬಂದು ಅಲ್ಲಿಯ ಮರಗಳಲ್ಲಿ ಗೂಡು ಕಟ್ಟಿ ಮರಿ ಮಾಡುತ್ತವೆ. ಕೆಳಗೆ ಕೆಂಪುನೀರು ಭೋರ್ಗರೆದು ಹರಿಯುತ್ತಿರುವಾಗ ಮೇಲೆ ಮರದ ತುಂಬ ಬಿಳಿಯ ಹಕ್ಕಿಗಳು ಕುಳಿತಿರುವ ನೋಟವನ್ನು ಒಮ್ಮೆ ಕಂಡವರು ಮರೆಯಲಾರರು.

ಈ ಹಕ್ಕಿಗಳು ಲೋಕವ್ಯಾಪಾರವನ್ನರಿಯವು. ಆದರೂ ಅವುಗಳ ಬಾಳು ಎಷ್ಟು ದೂರದ ಸಂಗತಿಗಳನ್ನು ನೆಚ್ಚಿಕೊಂಡಿದೆಯೆಂಬುದನ್ನು ನೋಡಬೇಕು. ಅರಬ್ಬೀ ಸಮುದ್ರದ ಮೋಡವು ಆಗುಂಬೆಯ ಘಟ್ಟಕ್ಕೆ ತಗುಲಿ ಸುರಿಯಬೇಕು; ವರಾಹಪರ್ವತದ ಗಂಗಾಮೂಲದಲ್ಲಿ ಹುಟ್ಟಿದ ತುಂಗೆಯು ತುಂಬಬೇಕು; ಮೀನು ಕಪ್ಪೆಗಳು ಹೆಚ್ಚಬೇಕು. ಹೊಳೆ ತೀರ ಏರಿದರೆ ತಗ್ಗಿನ ಗೂಡುಗಳಿಗೆ ಅಪಾಯ, ಏರದೇ ಹೋದರೆ ಮರಿಗಳ ಹೊಟ್ಟೆಗೆ ಕೊರತೆ. ಆ ಮಳೆಯಾದರೂ ಸ್ವತಂತ್ರವಲ್ಲ. ದಕ್ಷಿಣ ಅಮೆರಿಕದ ಪೆರು ದೇಶದ ಕಡೆಯ ಶಾಂತಸಾಗರದ ನೀರು ಎಂದಿಗಿಂತ ಹೆಚ್ಚು ಕಾದರೆ—ಇದನ್ನೇ ಎಲ್ ನಿನೊ ಎನ್ನುತ್ತಾರೆ—ನಮ್ಮ ಮುಂಗಾರು ಅನೇಕ ಸಲ ಸೊರಗುತ್ತದೆ. ೨೦೨೩ರಲ್ಲಿ ಹಾಗೆಯೇ ಆಯಿತು. ಕರ್ನಾಟಕದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಸರ್ಕಾರವೇ ಸಾರಬೇಕಾಯಿತು. ಅಕ್ಕಿಯ ಬೆಲೆಯೂ ಮಳೆಯ ಭಯವೂ ಸೇರಿ ಆ ಜುಲೈ ತಿಂಗಳಲ್ಲಿ ಭಾರತ ಸರ್ಕಾರವು ಬಾಸ್ಮತಿಯಲ್ಲದ ಬಿಳಿಯ ಅಕ್ಕಿಯ ರಫ್ತನ್ನು ತಡೆಯಿತು. ಆ ತಡೆ ೨೦೨೪ರ ಸೆಪ್ಟೆಂಬರಿನವರೆಗೆ ನಡೆಯಿತು. ನಮ್ಮ ಅಕ್ಕಿಯನ್ನು ನೆಚ್ಚಿಕೊಂಡಿದ್ದ ಆಫ್ರಿಕದ ಎಷ್ಟೋ ಪಟ್ಟಣಗಳಲ್ಲಿ ತಾಯಂದಿರು ಅಳತೆಯ ಪಾವನ್ನು ಕಿರಿದುಮಾಡಿಕೊಳ್ಳಬೇಕಾಯಿತು. ಪೆರುವಿನ ಕಡಲು, ಮಲೆನಾಡಿನ ಹೊಳೆ, ಆಫ್ರಿಕದ ಒಲೆ—ಮೂರನ್ನೂ ಕಟ್ಟಿದ ದಾರ ಒಂದೇ.

ಆದರೆ ಇದನ್ನೆಲ್ಲ ದೂರದಿಂದ ಹೇಳಿದರೆ ಚಮತ್ಕಾರದಂತೆ ಕೇಳಿಸುತ್ತದೆಯೇ ಹೊರತು ಮನಸ್ಸಿಗೆ ನಾಟುವುದಿಲ್ಲ. ಆದುದರಿಂದ ಇದೇ ಶಿವಮೊಗ್ಗೆ ಜಿಲ್ಲೆಯವರು ತಮ್ಮ ಮೈಯ ಮೇಲೆಯೇ ಅನುಭವಿಸಿದ ಒಂದು ಗಂಟನ್ನು ಬಿಚ್ಚಿ ನೋಡೋಣ.

ಮಂಗನ ಕಾಯಿಲೆ

೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸತ್ತು ಬೀಳತೊಡಗಿದವು. ಆ ಸುತ್ತಿನ ಹಳ್ಳಿಗಳಲ್ಲಿ ಜನರಿಗೆ ಕಡುಜ್ವರ, ತಲೆಸಿಡಿತ, ಮೈಕೈನೋವು, ಕೆಲವರಿಗೆ ರಕ್ತಸ್ರಾವ. ಪುಣೆಯಲ್ಲಿ ೧೯೫೨ರಲ್ಲಿ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ಸಹಕಾರದಿಂದ ಸ್ಥಾಪಿತವಾಗಿದ್ದ ವೈರಸ್ ಸಂಶೋಧನಾ ಕೇಂದ್ರದ ವೈದ್ಯರು ಧಾವಿಸಿ ಬಂದರು. ಹೊಸ ರೋಗಕ್ಕೆ ಕ್ಯಾಸನೂರಿನ ಹೆಸರೇ ನಿಂತಿತು. ಜನರ ಬಾಯಲ್ಲಿ ಅದು ಮಂಗನ ಕಾಯಿಲೆಯಾಯಿತು. ಇಂದಿಗೂ ರೋಗ ಹಿಡಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಉಳಿಯುವುದಿಲ್ಲ.

ಈ ಒಂದೇ ರೋಗವನ್ನು ಎಷ್ಟು ಮಂದಿ ಎಷ್ಟು ಸ್ಥಳಗಳಿಂದ ಕಂಡರೆಂಬುದನ್ನು ವಾಚಕರು ಗಮನಿಸಬೇಕು. ದಕ್ಷಿಣ ಅಮೆರಿಕದಲ್ಲಿ ಅರಿಶಿನ ಜ್ವರವು ಬಂದಾಗ ಮೊದಲು ಕಾಡಿನ ಕೋತಿಗಳು ಸಾಯುತ್ತವೆ. ಅಲ್ಲಿಯ ಅನುಭವವಿದ್ದ ವೈದ್ಯರಿಗೆ, ಏಷ್ಯಖಂಡಕ್ಕೆ ಎಂದೂ ಕಾಲಿಡದಿದ್ದ ಆ ಮಾರಿ ಈಗ ಬಂದಿತೇ ಎಂಬ ಭಯ. ಪರೀಕ್ಷೆ ಮಾಡಲಾಗಿ ಅದಲ್ಲವೆಂದು ತಿಳಿಯಿತು. ಕಂಡುಬಂದ ವೈರಸ್ಸು ರಷ್ಯದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮೆದುಳುಜ್ವರದ ವೈರಸ್ಸಿಗೆ ದಾಯಾದಿಯಾಗಿತ್ತು. ಹಾಗಾದರೆ ರಷ್ಯದ ರೋಗ ಸೊರಬಕ್ಕೆ ಬಂದ ಬಗೆ ಹೇಗೆ? ಚಳಿಗಾಲದಲ್ಲಿ ಸೈಬೀರಿಯದ ಕಡೆಯಿಂದ ಹಾರಿಬರುವ ಹಕ್ಕಿಗಳು ಉಣುಗುಗಳನ್ನು ಹೊತ್ತು ತಂದವೋ ಎಂಬ ಪ್ರಶ್ನೆ ಹುಟ್ಟಿತು. ಸಲೀಂ ಅಲಿಯವರ ನೇತೃತ್ವದಲ್ಲಿ ಮುಂಬಯಿಯ ನಿಸರ್ಗ ಇತಿಹಾಸ ಸಂಘವು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ಪಯಣವನ್ನು ತಿಳಿಯುವ ದೊಡ್ಡ ಉದ್ಯಮವನ್ನು ಕೈಕೊಂಡಿತು. ಮುಂದೆ ಆ ಕೆಲಸಕ್ಕೆ ಅಮೆರಿಕದ ಸೇನೆಗೆ ಸಂಬಂಧಪಟ್ಟ ಮೂಲದಿಂದಲೂ ಹಣ ಬಂದಿತು. ಅಮೆರಿಕ ಮತ್ತು ರಷ್ಯಗಳೊಳಗೆ ಶೀತಲಸಮರ ನಡೆಯುತ್ತಿದ್ದ ಕಾಲವದು. ಹಕ್ಕಿಗಳ ಮೂಲಕ ರೋಗ ಹರಡುವ ಯುದ್ಧವಿದ್ಯೆಯನ್ನು ನಮ್ಮ ನೆಲದಲ್ಲಿ ಅಭ್ಯಾಸ ಮಾಡುತ್ತಿದ್ದಾರೆಂಬ ಸಂಶಯವು ೧೯೭೦ರ ದಶಕದಲ್ಲಿ ಪತ್ರಿಕೆಗಳಲ್ಲಿ ಎದ್ದು, ದೊಡ್ಡ ವಾದವೇ ಆಯಿತು. ಸಲೀಂ ಅಲಿಯವರು ಆ ಸಂಶಯವನ್ನು ನಿರಾಧಾರವೆಂದು ತಳ್ಳಿಹಾಕಿದರು.

ಇಷ್ಟರ ನಡುವೆ ಪುಣೆಯ ಕೇಂದ್ರದಲ್ಲಿ ದುಡಿದ ಹೋರ್ಹೆ ಬೊಶೆಲ್ ಎಂಬ ಕೊಲಂಬಿಯ ದೇಶದ ವೈದ್ಯರು ಆಕಾಶವನ್ನು ಬಿಟ್ಟು ನೆಲವನ್ನು ನೋಡಿದರು. ಜನ ಹೆಚ್ಚಿದಂತೆ ಕಾಡನ್ನು ಕಡಿದು ಗದ್ದೆ ಮಾಡಿದರು. ದನಗಳು ಕಾಡಿನ ಅಂಚಿನಲ್ಲಿ ಮೇಯತೊಡಗಿದವು. ದನಗಳ ರಕ್ತ ಕುಡಿದು ಉಣುಗುಗಳು ಹುಲುಸಾದವು. ಕಾಡಿನ ಸಣ್ಣ ಪ್ರಾಣಿಗಳಲ್ಲಿ ಹಿಂದಿನಿಂದಲೂ ಸದ್ದಿಲ್ಲದೆ ಇದ್ದ ರೋಗವು ಹೀಗೆ ಮಂಗನಿಗೂ ಮನುಷ್ಯನಿಗೂ ತಗುಲುವ ಸಂದರ್ಭ ಒದಗಿತೆಂದು ಅವರು ೧೯೬೯ರಲ್ಲಿ ಬರೆದರು. ಸತ್ತ ಮಂಗನ ಮೈಯಿಂದ ಉದುರಿದ ಉಣುಗುಗಳು ಆ ಸುತ್ತಿನ ದರಗಿನಲ್ಲಿ ಅಡಗಿ, ದಾರಿಹೋಕನನ್ನು ಕಾದಿರುತ್ತವೆ. ದನಕ್ಕೆ ಈ ರೋಗ ಬಾರದು. ಆದರೆ ದನವೇ ಉಣುಗಿನ ಅನ್ನಸತ್ರ.

ಇಲ್ಲೊಂದು ಸೂಕ್ಷ್ಮವುಂಟು. ದೃಷ್ಟಿಗಳು ಹಲವು ಎಂದಮಾತ್ರಕ್ಕೆ ಎಲ್ಲವೂ ಸಮಾನವೆಂದು ತಿಳಿಯಕೂಡದು. ಅರಿಶಿನ ಜ್ವರದ ಭಯವನ್ನು ಪರೀಕ್ಷೆ ಕಳೆಯಿತು. ಸೈಬೀರಿಯದ ಹಕ್ಕಿಯ ಮೇಲಿನ ಆರೋಪಕ್ಕೆ ಆಧಾರ ದೊರೆಯಲಿಲ್ಲ. ಮಂಡಗದ್ದೆಯ ಬೆಳ್ಳಕ್ಕಿಗಳಂತೂ ಮಳೆಗಾಲದಲ್ಲಿ ಗೂಡು ಕಟ್ಟುವ ಈ ನಾಡಿನ ಹಕ್ಕಿಗಳು. ಅವುಗಳಿಗೂ ಆ ಆರೋಪಕ್ಕೂ ನಂಟಿಲ್ಲ. ಆದರೆ ತಪ್ಪಾದ ಪ್ರಶ್ನೆಯೂ ವ್ಯರ್ಥವಾಗಲಿಲ್ಲ: ನಮ್ಮ ಹಕ್ಕಿಗಳ ಪಯಣದ ಜ್ಞಾನವು ಬಹುಮಟ್ಟಿಗೆ ಆ ಉಂಗುರಗಳಿಂದಲೇ ಬೆಳೆಯಿತು. ದನ ಮತ್ತು ಕಾಡಂಚಿನ ಮಾತು ಇಂದಿಗೂ ಕೆಲಸಕ್ಕೆ ಬರುತ್ತಿದೆ. ಹೀಗೆ ಮಾತು ಮಾತಿಗೆ ಮಥಿಸಿದ ಮೇಲೆಯೇ ಬೆಣ್ಣೆ ತೇಲಿದ್ದು.

ರೋಗವಾದರೋ ಕ್ಯಾಸನೂರಿನಲ್ಲಿಯೇ ನಿಲ್ಲಲಿಲ್ಲ. ತೀರ್ಥಹಳ್ಳಿ, ಸಾಗರ, ಹೊಸನಗರಗಳಿಗೆ ಹಬ್ಬಿತು. ೨೦೧೨ರ ಅನಂತರ ಚಾಮರಾಜನಗರ, ಕೇರಳದ ವಯನಾಡು, ಗೋವ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿಯೂ ಕಾಣಿಸಿಕೊಂಡಿತು. ೨೦೧೯ರ ಮೊದಲ ತಿಂಗಳುಗಳಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಸೀಮೆಯಲ್ಲಿ ಹಲವರ ಪ್ರಾಣ ತೆಗೆಯಿತು. ದಶಕಗಳಿಂದ ಕೊಡುತ್ತಿದ್ದ ಲಸಿಕೆಯು ಸಾಕಷ್ಟು ಫಲ ಕೊಡದ ಕಾರಣ ೨೦೨೨ರ ಹೊತ್ತಿಗೆ ನಿಂತುಹೋಯಿತು. ಈಗ ಕಾಡಿಗೆ ಹೋಗುವವರಿಗೆ ಉಳಿದಿರುವ ಮುಖ್ಯ ರಕ್ಷೆಯೆಂದರೆ ಮೈಗೆ ಹಚ್ಚಿಕೊಳ್ಳುವ ದೇಪಾ ತೈಲ, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ, ಬಟ್ಟೆಯ ಬದಲಾವಣೆ, ಮತ್ತು ಮಂಗ ಸತ್ತ ಸುದ್ದಿಯನ್ನು ಕೂಡಲೇ ಮುಟ್ಟಿಸುವುದು.

ಜಗಲಿಯ ಮಾತು

ಉಣುಗಿನ ಹಾವಳಿ ಹೆಚ್ಚುವ ಮಾಗಿಯ ದಿನಗಳೇ ಮಲೆನಾಡಿನಲ್ಲಿ ಅಡಿಕೆ ಸುಲಿಯುವ ದಿನಗಳೂ ಹೌದು. ಯಂತ್ರಗಳು ಬಂದ ಮೇಲೆ ಕಡಮೆಯಾಗಿದ್ದರೂ, ಇರುಳಿನಲ್ಲಿ ಜಗಲಿಯ ಮೇಲೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತ ಮಾತನಾಡುವ ಪದ್ಧತಿ ಇಲ್ಲಿಯವರಿಗೆ ಹೊಸದಲ್ಲ. ಮಂಡಗದ್ದೆಯ ಸುತ್ತಿನ ಅಂತಹದೊಂದು ಜಗಲಿಯನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಕೆಳಗಿನ ಸಂಭಾಷಣೆ ನಮ್ಮ ಕಲ್ಪನೆ; ಅದರೊಳಗಿನ ಕಷ್ಟಗಳು ಮಾತ್ರ ಕಲ್ಪನೆಯಲ್ಲ. ತೋಟದ ಯಜಮಾನರಾದ ಗೌಡರು, ಕಾಡಿನ ಗಾರ್ಡು, ಊರಿನ ಆಶಾ ಕಾರ್ಯಕರ್ತೆ, ನಿವೃತ್ತರಾದ ಮೇಷ್ಟ್ರು, ಕೂಲಿಗೆ ಬಂದು ಅಡಿಕೆ ಸುಲಿಯುತ್ತಿರುವ ಒಬ್ಬ ಹೆಂಗಸು—ಅಲ್ಲಿದ್ದವರು ಇಷ್ಟು ಮಂದಿ.

“ಕಾಡಿನವರು ಕಾಡನ್ನು ಸರಿಯಾಗಿ ನೋಡಿಕೊಂಡಿದ್ದರೆ ಈ ಕಾಯಿಲೆ ಊರಿಗೆ ಯಾಕೆ ಬರುತ್ತಿತ್ತು?” ಎಂದು ಗೌಡರು ಆರಂಭಿಸಿದರು.

“ಊರಿನ ದನ ಕಾಡಿಗೆ ಬರದೆ ಇದ್ದಿದ್ದರೆ ಉಣುಗು ಇಷ್ಟು ಹೆಚ್ಚುತ್ತಿತ್ತೇ, ಗೌಡ್ರೇ?” ಎಂದ ಗಾರ್ಡು.

“ಮನೆಮನೆಗೆ ಎಣ್ಣೆ ಕೊಟ್ಟು ಬರ್ತೇನೆ. ಎಲ್ಲರೂ ಗೂಡಿನಲ್ಲಿ ಇಟ್ಟುಬಿಡ್ತಾರೆ, ಹಚ್ಚಿಕೊಳ್ಳೋರು ಯಾರು?” ಎಂದು ಕಾರ್ಯಕರ್ತೆ ನೊಂದುಕೊಂಡಳು.

ಹೀಗೆ ತಪ್ಪು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಿರಲು, ಮೇಷ್ಟ್ರು ಕೆಲಸದಲ್ಲಿ ತೊಡಗಿದ್ದ ಹೆಂಗಸಿನ ಕಡೆಗೆ ತಿರುಗಿ, “ನೀನೇನೂ ಹೇಳಲಿಲ್ಲವಲ್ಲ, ತಂಗಿ?” ಎಂದರು.

“ನಾನೇನು ಹೇಳ್ಲಿ ಮೇಷ್ಟ್ರೇ? ಕಾಡಿಗೆ ಹೋಗಬೇಡ ಅಂತಾರೆ. ಕೊಟ್ಟಿಗೆಗೆ ದರಗು ಬೇಕು ಅಂತಲೂ ಅಂತಾರೆ. ಎರಡನ್ನೂ ಹೇಳೋದು ಒಂದೇ ಬಾಯಿ.”

ಜಗಲಿ ಒಂದು ಗಳಿಗೆ ಸುಮ್ಮನಾಯಿತು. ಮೇಷ್ಟ್ರು ತಾಳಮದ್ದಳೆಯ ಅರ್ಥಧಾರಿಗಳು. “ಒಂದು ಕೆಲಸ ಮಾಡೋಣ,” ಎಂದರು. “ತಾಳಮದ್ದಳೆಯಲ್ಲಿ ಇವತ್ತು ಭೀಷ್ಮನ ಅರ್ಥ ಹೇಳಿದವರು ನಾಳೆ ಪರಶುರಾಮನ ಅರ್ಥ ಹೇಳೋದಿಲ್ಲವೇ? ನಾವೂ ಹಾಗೇ ಮಾಡೋಣ. ಗೌಡ್ರು ಈ ತಂಗಿಯ ಅರ್ಥ ಹೇಳಲಿ. ಗಾರ್ಡು ಗೌಡರ ಅರ್ಥ ಹೇಳಲಿ. ತಂಗಿ ಗಾರ್ಡಿನ ಅರ್ಥ ಹೇಳಲಿ. ಹೇಳಿದ್ದು ಸರಿಯೋ ತಪ್ಪೋ ಅಂತ ಆಯಾ ಪಾತ್ರದವರೇ ತೀರ್ಮಾನಿಸಲಿ.”

ಗೌಡರು ನಗುತ್ತಲೇ ಎದ್ದು ಕುಳಿತರು. “ಬೆಳಗಾಗೋದರೊಳಗೆ ದರಗಿಗೆ ಹೋಗ್ತೇನೆ. ಹೋಗದಿದ್ದರೆ ಕೂಲಿ ಇಲ್ಲ. ಜ್ವರ ಬಂದು ಹದಿನೈದು ದಿನ ಮಲಗಿದರೂ ಕೂಲಿ ಇಲ್ಲ...” ಎಂದವರು ಅಲ್ಲಿಯೇ ತಡೆದರು; ನಗು ಹೋಗಿತ್ತು.

“ಅಷ್ಟೇ ಅಲ್ಲ ಗೌಡ್ರೇ,” ಎಂದಳು ಹೆಂಗಸು. “ಸಂಜೆ ಬಂದು ಬಿಸಿನೀರು ಮೀಯಿ ಅಂತಾರೆ. ನೀರು ಕಾಯಿಸೋ ಸೌದೆಯೂ ಅದೇ ಕಾಡಿನಿಂದಲೇ ಬರಬೇಕು. ತಣ್ಣೀರಲ್ಲಿ ಕಾಲು ತೊಳಕೊಂಡು, ಅದೇ ಸೀರೆಯಲ್ಲಿ ಒಲೆ ಮುಂದೆ ಕೂರ್ತೇನೆ. ಮಕ್ಕಳು ಬಂದು ತೊಡೆ ಮೇಲೆ ಮಲಗ್ತವೆ.”

ಗಾರ್ಡು ಗೌಡರ ಅರ್ಥ ಹೇಳಿದ: “ತೋಟಕ್ಕೆ ಎಲೆಚುಕ್ಕೆ ರೋಗ ಬಂದಿದೆ. ಪೊಟ್ಯಾಷಿನ ಬೆಲೆ ಒಂದು ವರ್ಷ ಇದ್ದ ಹಾಗೆ ಇನ್ನೊಂದು ವರ್ಷ ಇಲ್ಲ. ಅದರ ಮೇಲೆ ದರಗು ಸೊಪ್ಪೂ ಇಲ್ಲ ಅಂದರೆ ಕೊಟ್ಟಿಗೆ ಗೊಬ್ಬರ ಎಲ್ಲಿಂದ? ಸೊಸೈಟಿ ಸಾಲ ಕೇಳೋದು ನನ್ನನ್ನೇ, ಕಾಡನ್ನಲ್ಲ.”

“ಸರಿಯಾಗೇ ಹೇಳಿದೆ ಮಾರಾಯ,” ಎಂದರು ಗೌಡರು.

ಮೇಷ್ಟ್ರು ನಡುವೆ ಬಂದರು. ನಮ್ಮ ದೇಶಕ್ಕೆ ಬೇಕಾದ ಪೊಟ್ಯಾಷು ಬಹುತೇಕ ಪೂರ್ತಿಯಾಗಿ ಹೊರಗಿನಿಂದಲೇ ಬರುವುದೆಂದೂ, ಕೆನಡದ ಜೊತೆಗೆ ರಷ್ಯ, ಬೆಲಾರುಸ್ ದೇಶಗಳು ಅದರ ದೊಡ್ಡ ಮೂಲಗಳೆಂದೂ, ೨೦೨೨ರ ಯುದ್ಧ ಮತ್ತು ನಿರ್ಬಂಧಗಳಿಂದ ಅದರ ಬೆಲೆ ಜಗತ್ತಿನಲ್ಲೆಲ್ಲ ಏ‌ರಿತೆಂದೂ ತಿಳಿಸಿದರು.

“ಹಾಗಾದರೆ ಅಲ್ಲಿಯ ಯುದ್ಧವೇ ಇವಳನ್ನು ಕಾಡಿನ ಒಳಕ್ಕೆ ಕಳಿಸ್ತು ಅನ್ನಿ!” ಎಂದರು ಗೌಡರು.

“ಹಾಗೆ ಒಂದೇ ಏಟಿಗೆ ಹೇಳಬಾರದು ಗೌಡ್ರೇ. ಯುದ್ಧ ಇಲ್ಲದ ಕಾಲದಲ್ಲೂ ದರಗಿಗೆ ಹೋಗ್ತಿದ್ದರಲ್ಲ? ಅದು ಒಂದು ಎಳೆ ಅಷ್ಟೇ. ಆದರೆ ಎಳೆ ಉಂಟು.”

ಕೊನೆಗೆ ಹೆಂಗಸು ಗಾರ್ಡಿನ ಅರ್ಥ ಹೇಳಬೇಕಾಯಿತು. ನಾಚುತ್ತಲೇ ಆರಂಭಿಸಿದಳು: “ನಾನೊಬ್ಬ, ಕಾಡು ಇಷ್ಟು. ಮಂಗ ಸತ್ತದ್ದು ನನಗಿಂತ ಮೊದಲು ಊರವರ ಕಣ್ಣಿಗೆ ಬೀಳ್ತದೆ. ಆದರೆ ಯಾರೂ ಹೇಳೋದಿಲ್ಲ. ಹೇಳಿದರೆ ದರಗಿನ ದಾರಿ ಮುಚ್ಚಿಬಿಡ್ತೇನೆ ಅಂತ ಅವರಿಗೆ ಭಯ.”

ಗಾರ್ಡು ಅವಳ ಮುಖವನ್ನೇ ನೋಡಿದ. ಇಷ್ಟು ವರ್ಷ ತಾನು ಅಸಡ್ಡೆಯೆಂದು ತಿಳಿದಿದ್ದು ಭಯವಾಗಿತ್ತೆಂದು ಅವನಿಗೆ ಆಗ ಹೊಳೆಯಿತು.

ಅಡಿಕೆಯ ರಾಶಿ ಕರಗುವ ಹೊತ್ತಿಗೆ ನಾಲ್ಕು ಮಾತುಗಳು ಗೊತ್ತಾದವು. ಗೌಡರ ಬಚ್ಚಲಿನ ಹಂಡೆ ಹೇಗೂ ಸಂಜೆಯವರೆಗೆ ಕಾಯುತ್ತಿರುವುದರಿಂದ ದರಗಿಗೆ ಹೋದವರು ಮೊದಲು ಅಲ್ಲಿ ಮಿಂದು, ಬೇರೆ ಬಟ್ಟೆ ಉಟ್ಟು, ಆಮೇಲೆ ಮನೆಗೆ ಹೋಗುವುದು; ಜ್ವರ ಬಂದವರಿಗೆ ಅರ್ಧ ಕೂಲಿಯಾದರೂ ನಡೆಯುವುದು. ಕಾರ್ಯಕರ್ತೆಯು ಮಧ್ಯಾಹ್ನ ಖಾಲಿ ಮನೆಗಳಿಗೆ ಹೋಗುವ ಬದಲು ಕಾಡಿಗೆ ಹೊರಡುವ ಹೊತ್ತಿನಲ್ಲಿ ದಾರಿಯ ಬಾಯಲ್ಲಿ ನಿಂತು ಎಣ್ಣೆ ಹಚ್ಚಿಸುವುದು. ಮಂಗ ಸತ್ತ ಜಾಗವನ್ನು ಊರವರು ಅಂದೇ ತಿಳಿಸುವುದು. ಆ ಜಾಗವನ್ನಷ್ಟು ಬಿಟ್ಟು ಬೇರೆ ಕಡೆಯ ದಾರಿಯನ್ನು ಗಾರ್ಡು ತಾನೇ ತೋರಿಸುವುದು.

ಯುಕ್ರೇನಿನ ಯುದ್ಧ ಇದರಿಂದ ನಿಲ್ಲಲಿಲ್ಲ, ಶಾಂತಸಾಗರ ತಂಪಾಗಲಿಲ್ಲ. ಆದರೆ ಒಂದು ಮನೆಯ ಮಕ್ಕಳು ತಾಯಿಯ ತೊಡೆಯ ಮೇಲೆ ನಿರ್ಭಯವಾಗಿ ಮಲಗುವಂತಾಯಿತು. ಗಂಟಿನ ಒಂದು ಎಳೆ ಸಡಿಲವಾದದ್ದು ಹೀಗೆ.

ಆನೆಯ ಮೈ ತಿಕ್ಕುವ ವಿದ್ಯೆ

ಮೇಷ್ಟ್ರ ಉಪಾಯ ಈ ಸೀಮೆಗೆ ಪರಕೀಯವಾದುದಲ್ಲ. ಇದೇ ಜಿಲ್ಲೆಯ ಹೊಸನಗರ ತಾಲ್ಲೂಕಿನ ಹುಂಚವು ಸಾಂತರ ಅರಸರ ಕಾಲದಿಂದ ಪ್ರಸಿದ್ಧವಾದ ಜೈನಕ್ಷೇತ್ರ. ಜೈನ ದರ್ಶನದ ಅನೇಕಾಂತವಾದವು ಹೇಳುವುದೇನೆಂದರೆ, ವಸ್ತುವಿಗೆ ಮುಖಗಳು ಅನೇಕ. ಒಂದು ನೆಲೆಯಿಂದ ಆಡಿದ ಮಾತು ಆ ನೆಲೆಗಷ್ಟೇ ಸತ್ಯ. ಆದಕಾರಣವೇ ಸ್ಯಾದ್ವಾದಿಯು ತನ್ನ ಪ್ರತಿಯೊಂದು ವಾಕ್ಯದ ಮೊದಲಿಗೆ ‘ಸ್ಯಾತ್’ ಎಂಬ ಪದವನ್ನಿಟ್ಟು, ‘ಒಂದು ದೃಷ್ಟಿಯಿಂದ ಹೀಗೆ’ ಎಂದು ತನ್ನ ಮಾತಿಗೆ ತಾನೇ ಬೇಲಿ ಹಾಕಿಕೊಳ್ಳುತ್ತಾನೆ. ಇದು ಸಂದೇಹದ ಪದವಲ್ಲ, ವಿನಯದ ಪದ.

ಕುರುಡರು ಆನೆಯನ್ನು ಮುಟ್ಟಿ ನೋಡಿದ ಕಥೆಯನ್ನು ಬಲ್ಲವರು ಅಂಧಗಜನ್ಯಾಯವೆಂದು ಆಗಾಗ ಹೇಳುವುದುಂಟು. ಕಾಲು ಮುಟ್ಟಿದವನಿಗೆ ಕಂಬ, ಕಿವಿ ಮುಟ್ಟಿದವನಿಗೆ ಮೊರ. ಆ ಕುರುಡರ ದೋಷ ಯಾವುದು? ಕುರುಡುತನವೆಂದು ನಾವು ಹೇಳಲಾರೆವು. ಇಷ್ಟು ದೊಡ್ಡ ಲೋಕದ ಎದುರಿಗೆ ನಾವೆಲ್ಲರೂ ಕುರುಡರೇ. ಅವರಲ್ಲಿ ಒಬ್ಬನಾದರೂ, “ಅಣ್ಣಾ, ನೀನು ನಿಂತಲ್ಲಿ ನಾನು ನಿಲ್ಲುತ್ತೇನೆ, ನಾನು ನಿಂತಲ್ಲಿಗೆ ನೀನು ಬಾ,” ಎನ್ನಲಿಲ್ಲ, ಅದೇ ದೋಷ.

ಮಂಡಗದ್ದೆಗೆ ಬರುವ ದಾರಿಯಲ್ಲಿಯೇ, ಶಿವಮೊಗ್ಗೆಗೆ ಸಮೀಪದಲ್ಲಿ, ಸಕ್ಕರೆಬೈಲಿನ ಆನೆಬಿಡಾರವಿದೆ. ಬೆಳಗಿನಲ್ಲಿ ಮಾವುತರು ಆನೆಗಳನ್ನು ತುಂಗೆಯ ಹಿನ್ನೀರಿಗಿಳಿಸಿ ಮೈ ತೊಳೆಯುತ್ತಾರೆ. ಒಂದು ಮಗ್ಗುಲನ್ನು ತಿಕ್ಕಿ, ಹೊರಳಿಸಿ, ಇನ್ನೊಂದು ಮಗ್ಗುಲನ್ನು ತಿಕ್ಕಿ, ಕಿವಿಯ ಹಿಂದೆ, ಕಾಲಿನ ಸಂದಿನಲ್ಲಿ, ಉಗುರಿನ ಬುಡದಲ್ಲಿ ಕೈಯಾಡಿಸಿದ ಮೇಲೆ, ಎಲ್ಲಿ ಗಾಯ, ಎಲ್ಲಿ ಬಾವು ಎಂಬುದು ಮಾವುತನಿಗೆ ತಿಳಿಯುತ್ತದೆ. ಅವನಿಗೂ ಆನೆ ಒಮ್ಮೆಗೇ ಪೂರ್ತಿ ಕಾಣುವುದಿಲ್ಲ. ಸುತ್ತಿ ಬರುವುದನ್ನು ಅವನು ಬಲ್ಲ, ಅಷ್ಟೇ. ಲೋಕದ ಸಂಕಟವನ್ನು ತಿಳಿಯುವ ಕ್ರಮವೂ ಇದೇ ಎಂಬುದು ನಮ್ಮ ಅಭಿಪ್ರಾಯ.

ಮನೆಗಳಲ್ಲಿ ನಡೆಯಬೇಕಾದುದು

ಈ ವಿದ್ಯೆಯನ್ನು ಅಭ್ಯಾಸ ಮಾಡುವುದಕ್ಕೆ ಸಭೆ ಸಮ್ಮೇಳನಗಳು ಬೇಕಿಲ್ಲ. ಊಟದ ಪಂಕ್ತಿ ಸಾಕು. ಆದರೆ ಕೆಲವು ಕಟ್ಟಳೆಗಳನ್ನು ಪಾಲಿಸಬೇಕು.

ಮೊದಲನೆಯದಾಗಿ, ಎದುರಿನವರ ಮಾತನ್ನು ಅವರೇ ‘ಹೌದು, ನಾನಂದದ್ದು ಇದೇ’ ಎಂದು ಒಪ್ಪುವಂತೆ ಹೇಳಿದ ಬಳಿಕವೇ ಅದನ್ನು ಖಂಡಿಸತಕ್ಕದ್ದು. ಇಷ್ಟು ನಿಯಮವೊಂದರಿಂದಲೇ ಮನೆಯ ಜಗಳಗಳಲ್ಲಿ ಅರ್ಧದಷ್ಟು ಅಡಗುವುವೆಂದು ನಾವು ನಂಬುತ್ತೇವೆ. ಎರಡನೆಯದಾಗಿ, ಸುಮ್ಮನೆ ಕೆಲಸ ಮಾಡುತ್ತಿರುವವರನ್ನು ಕೇಳಬೇಕು. ಜಗಲಿಯ ಮೇಲೆ ಹೆಚ್ಚು ಮಾತನಾಡಿದವರಿಗೆ ತಿಳಿಯದಿದ್ದುದು ಅಡಿಕೆ ಸುಲಿಯುತ್ತಿದ್ದವಳಿಗೆ ತಿಳಿದಿತ್ತು. ನಮ್ಮ ಮನೆಗಳಲ್ಲಿ ಈ ಸ್ಥಾನದಲ್ಲಿರುವವರು ಹೆಚ್ಚಾಗಿ ಹೆಂಗಸರು, ಮಕ್ಕಳು, ಕೆಲಸದವರು. ಅವರು ಬಾಯಿ ಬಿಡುವವರೆಗೆ ಮಾತು ಮುಗಿಯಿತೆಂದು ಏಳಬಾರದು.

ಮೂರನೆಯದಾಗಿ, ಕೇಳಿದ ಸುದ್ದಿಯನ್ನು ಪರೀಕ್ಷೆಗೆ ಒಡ್ಡಬೇಕು. ಸೈಬೀರಿಯದ ಹಕ್ಕಿಯ ಪ್ರಶ್ನೆಯನ್ನು ವಿದ್ವಾಂಸರು ಉಂಗುರ ತೊಡಿಸಿ ಪರೀಕ್ಷಿಸಿದರು. ಅದರ ಸುತ್ತ ಎದ್ದ ಸಂಶಯವನ್ನು ಬಾಯಿಂದ ಬಾಯಿಗೆ ದಾಟಿಸಿದವರು ಏನನ್ನೂ ಪರೀಕ್ಷಿಸಲಿಲ್ಲ. ಇಂದು ಕೈಯಲ್ಲಿ ಹಿಡಿದ ಫೋನಿನಿಂದ ಗಳಿಗೆಗೊಂದು ಸುದ್ದಿ ಬರುವ ಕಾಲದಲ್ಲಿ ಈ ಎಚ್ಚರ ಮೊದಲಿಗಿಂತಲೂ ಅಗತ್ಯ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ‘ಎಲ್ಲವೂ ಒಂದಕ್ಕೊಂದು ಸೇರಿಕೊಂಡಿದೆ’ ಎಂಬ ಮಾತು ಜ್ಞಾನದಂತೆ ಕಾಣುವ ಆಲಸ್ಯವೂ ಆಗಬಹುದು. ಎಲ್ಲದಕ್ಕೂ ಎಲ್ಲವೂ ಕಾರಣವಾದರೆ ಯಾರೂ ಯಾವುದಕ್ಕೂ ಹೊಣೆಯಲ್ಲವೆಂದಾಯಿತಲ್ಲವೇ? ಹಾಗಾಗಕೂಡದು. ದೂರದ ಯುದ್ಧವನ್ನು ತಡೆಯುವ ಹೊಣೆ ರಾಷ್ಟ್ರನಾಯಕರದು. ಲಸಿಕೆ ಔಷಧಗಳನ್ನು ಒದಗಿಸುವ ಹೊಣೆ ಸರ್ಕಾರದ್ದು. ಅವರು ತಪ್ಪಿದರೆ ಕೇಳುವ ಹಕ್ಕು ಪ್ರಜೆಗಳದು. ಬಚ್ಚಲಿನ ಹಂಡೆಯ ಹೊಣೆ ಮಾತ್ರ ಮನೆಯ ಯಜಮಾನನದೇ. ಆದುದರಿಂದ ಪ್ರತಿಯೊಂದು ಮಾತುಕತೆಯ ಕೊನೆಗೂ, ‘ಸರಿ, ಈ ಗಂಟಿನಲ್ಲಿ ನಮ್ಮ ಕೈಗೆ ಸಿಕ್ಕುವ ಎಳೆ ಯಾವುದು?’ ಎಂದು ಕೇಳಿಕೊಂಡೇ ಏಳಬೇಕು. ಆ ಪ್ರಶ್ನೆಯಿಲ್ಲದ ಮಾತು ಕಾಲಹರಣ. ಮಾತಿಲ್ಲದೆ ಎಳೆದ ಎಳೆ ಗಂಟನ್ನು ಇನ್ನೂ ಬಿಗಿಯುತ್ತದೆ.

ಮುಂದಿನ ವರ್ಷಗಳಲ್ಲಿ ಸಂಕಟಗಳು ಕಡಮೆಯಾಗುವುವೆಂದು ನಾವು ವಾಚಕರಿಗೆ ಸುಳ್ಳು ಭರವಸೆಯನ್ನು ಕೊಡಲಾರೆವು. ಬಿಸಿಲು ಏರುತ್ತಿದೆ, ಮಳೆ ತನ್ನ ಲೆಕ್ಕವನ್ನು ತಪ್ಪುತ್ತಿದೆ, ಕಾಡು ಊರುಗಳ ನಡುವಣ ಗೆರೆ ಅಳಿಸುತ್ತಿದೆ. ಇಂತಹ ಕಾಲದಲ್ಲಿ ನಮ್ಮ ಮಕ್ಕಳಿಗೆ ಭಯವನ್ನಾಗಲಿ ಹಗೆಯನ್ನಾಗಲಿ ಬಳುವಳಿಯಾಗಿ ಕೊಡದೆ, ಸುತ್ತಿ ಬಂದು ನೋಡುವ ಅಭ್ಯಾಸವನ್ನು ಕೊಡೋಣ. ಇಂದಿನ ರಾತ್ರಿಯ ಊಟಕ್ಕೆ ಕುಳಿತಾಗ, ಮನೆಯಲ್ಲಿ ಎಲ್ಲರಿಗಿಂತ ಕಡಮೆ ಮಾತನಾಡುವವರು ಯಾರೆಂದು ನೋಡಿ, ಅವರಿಗೆ ಲೋಕ ಹೇಗೆ ಕಾಣುತ್ತಿದೆಯೆಂದು ಕೇಳಿರಿ. ಉತ್ತರ ಬರುವುದು ತಡವಾದರೆ ಕಾಯಿರಿ.